ಬನಹಟ್ಟಿಯಲ್ಲಿ ಕೇಳಿಸದ ಗಿಟಾರು

ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಮನೆಯಲ್ಲೇ ಕೂತು ಗಿಟಾರು ಮಾಡುವ ಹುಚ್ಚು ನಿಮಗೆ ಎಲ್ಲಿಂದ ಹತ್ತಿತು ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಪ್ರತಿಸಲ ಕೊಡುವಾಗಲೂ ಅದೇ ನಿಜವೆಂದು ಮನಸಾರೆ ನಂಬಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವನು ಸಂಜೆ ಹೊತ್ತು ಗಿಟಾರು ನುಡಿಸುತ್ತಿದ್ದ, ಆಸೆ ಹುಟ್ಟಿದ್ದು ಅಲ್ಲೇ ಎಂದು ಕೆಲವರಿಗೆ ಹೇಳಿದ್ದುಂಟು. ಆ ಮನುಷ್ಯ ಎಷ್ಟೋ ವರ್ಷಗಳ ಮೇಲೆ ಸಿಕ್ಕಾಗ, ತಾನು ಊದುತ್ತಿದ್ದದ್ದು ಮೌತ್ ಆರ್ಗನ್ ಎಂದ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸುಮಂಗಲಾ ರೇಡಿಯೋದಲ್ಲಿ ಗಿಟಾರು ಕೇಳಿ ಮೆಚ್ಚಿಕೊಂಡಿದ್ದಳು ಎಂದು ಇನ್ನು ಕೆಲವರಿಗೆ ಹೇಳಿದ್ದೆ. ಒಮ್ಮೆ ಅವಳ ಎದುರಿಗೇ ಹೇಳಿಬಿಟ್ಟೆ. "ಆವಾಗ ನಮ್ಮ ಮನ್ಯಾಗ ರೇಡಿಯೋ ಎಲ್ಲಿತ್ರಿ?" ಎಂದಳು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಸಾಕ್ಷಿ ಹೀಗೆ ಒಂದೊಂದಾಗಿ ಬಿದ್ದುಹೋದ ಮೇಲೆ ಉಳಿಯುವುದನ್ನು ಒಪ್ಪಿಕೊಳ್ಳಬೇಕು ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಉಳಿದದ್ದು ಇಷ್ಟೇ: ಬನಹಟ್ಟಿಯಲ್ಲಿ ನನ್ನ ಸಂಜೆಗಳು ಬಹಳ ಉದ್ದವಾಗಿದ್ದವು.

ಉದ್ದವಾಗಲು ಕಾರಣವಿತ್ತು. ನನ್ನ ಕೆಲಸ ಬನಹಟ್ಟಿಯಲ್ಲಿ, ಸುಮಂಗಲಾಳ ಕೆಲಸ ಬೀಳಗಿಯ ಆಚೆ ಒಂದು ಹೊಸ ಊರಿನ ಪ್ರಾಥಮಿಕ ಶಾಲೆಯಲ್ಲಿ. ಹೊಸ ಊರು ಎಂದರೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನವರಿಗೆ ಕಟ್ಟಿಸಿಕೊಟ್ಟ ಪುನರ್ವಸತಿ ಊರು. ಇಬ್ಬರಿಗೂ ಎರಡು ಮನೆ, ಎರಡು ಒಲೆ, ಎರಡು ಉಪ್ಪಿನಕಾಯಿ ಭರಣಿ. ನಡುವೆ ಜಮಖಂಡಿಯಲ್ಲಿ ಬಸ್ಸು ಬದಲಿಸುವ ರಗಳೆ. ಮೊದಲು ಅವಳು ಪ್ರತಿ ರವಿವಾರ ಬರುತ್ತಿದ್ದಳು, ಆಮೇಲೆ ರವಿವಾರ ಬಿಟ್ಟು ರವಿವಾರ, ಆಮೇಲೆ ಹಬ್ಬಕ್ಕೆ. ಜಗಳವಾಗಿರಲಿಲ್ಲ. ಜಗಳವಾಗಿದ್ದರೆ ರಾಜಿ ಮಾಡಿಕೊಳ್ಳಲು ಒಂದು ವಿಷಯವಾದರೂ ಇರುತ್ತಿತ್ತು. ಬೇಸಿಗೆಯಲ್ಲಿ ಶಿಕ್ಷಕರ ವರ್ಗಾವಣೆ ನಡೆಯುತ್ತದೆ, ಅವಳು ಬನಹಟ್ಟಿ ಕೇಳಬಹುದು. ಅವಳು ಕೇಳಬೇಕಾದರೆ ನಾನು ಅವಳನ್ನು ಕೇಳಬೇಕು. ಆದರೆ ಅವಳಿಗೆ ನೌಕರಿ ಬಂದಾಗ ನಾನು, "ನಿನ್ನ ಕೆಲಸದ ವಿಷಯದಾಗ ನಾ ಬಾಯಿ ಹಾಕಂಗಿಲ್ಲ. ನೀ ಸ್ವತಂತ್ರ ವ್ಯಕ್ತಿ" ಎಂದು ಧಾರವಾಡದಲ್ಲಿ ಕಲಿತು ಬಂದ ಉದಾರತೆಯನ್ನೆಲ್ಲ ಒಂದೇ ಉಸಿರಿಗೆ ಸುರಿದಿದ್ದೆ. ಅವಳು ಅದನ್ನು ನಂಬಿದಳು. ಉದಾರವಾಗಿ ಮಾತಾಡುವವರಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಇಲ್ಲಿಗೆ ಬಂದುಬಿಡು ಎಂಬ ಒಂದು ಸಣ್ಣ ಮಾತು ನನ್ನ ಗಂಟಲಿನಲ್ಲಿ ಕೂತು ವರ್ಷಗಳಾಗುತ್ತ ಬಂದವು.

ಬನಹಟ್ಟಿಯಲ್ಲಿ ಸಣ್ಣ ಮಾತಿಗೆ ಜಾಗವೂ ಇಲ್ಲ. ನಮ್ಮ ಓಣಿಯಲ್ಲಿ ಮನೆಮನೆಗೂ ಪವರ್ಲೂಮು. ಹಗಲು ರಾತ್ರಿ ಖಟಕ್ ಪಟಕ್, ಖಟಕ್ ಪಟಕ್. ಅದರ ಕೆಳಗೆ ಮೋಟರುಗಳದ್ದು ಒಂದು ಗುಂಯ್ ಎಂಬ ಎಳೆ. ಇಲ್ಲಿ ಪಿಸುಮಾತು ಎನ್ನುವುದು ಬಳಕೆಯಲ್ಲಿಲ್ಲ. ಗಂಡಹೆಂಡಿರ ಗುಟ್ಟುಗಳನ್ನೂ ಸಭೆಯಲ್ಲಿ ಭಾಷಣ ಮಾಡಿದಂತೆ ಹೇಳುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲಲ್ಲಿದ್ದ ಕೂಸುಗಳು ಬೆಚ್ಚಿ ಅಳುತ್ತವೆ. ಸುಮಂಗಲಾ ಮೊದಲ ಸಲ ಬಂದಾಗ ಬೆಳಿಗ್ಗೆ ಎದ್ದು, "ಈ ಊರಾಗ ಮಂದಿ ವಿಚಾರ ಹೆಂಗ ಮಾಡ್ತಾರ?" ಎಂದು ಕೇಳಿದ್ದಳು. ವಿಚಾರ ಮಾಡುವುದು ನನ್ನ ವೃತ್ತಿಯಾದ್ದರಿಂದ ನಾನು ಉತ್ತರ ಕೊಡಬೇಕಿತ್ತು. ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಕೊಟ್ಟಿದ್ದರೂ ಕೇಳಿಸಿರಲಿಕ್ಕಿಲ್ಲ.

ನಾನು ಬಾಡಿಗೆಗಿದ್ದದ್ದು ಮಲ್ಲಪ್ಪ ಎಂಬ ನೇಕಾರರ ಮಾಳಿಗೆಯ ಮೇಲೆ. ಕೆಳಗೆ ಅವರು, ಅವರ ಹೆಂಡತಿ ಗಂಗವ್ವ ಮತ್ತು ಪವರ್ಲೂಮುಗಳು. ಮೊದಲು ಕೆಳಗಿದ್ದದ್ದು ಕೈಮಗ್ಗ. ಅದನ್ನು ಕಳಚಿ ಹಿತ್ತಲಿನಲ್ಲಿ ಒಟ್ಟಿದ್ದರು. ಕರ್ರಗೆ, ಕೈಯಾಡಿ ಆಡಿ ನುಣುಪಾದ ಸಾಗವಾನಿ. "ಒಲಿಗೆ ಹಾಕಾಕ ಮನಸ ಬರವಲ್ತು ಸರ. ನೀವು ಏನರ ಮಾಡ್ಕೋರಿ" ಎಂದು ಮಲ್ಲಪ್ಪ ಅದರ ಹಲಗೆಗಳನ್ನು ನನಗೆ ಕೊಟ್ಟರು. ಅವರು ಸ್ಟೂಲನ್ನೋ ಪುಸ್ತಕದ ಕಪಾಟನ್ನೋ ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ಕಾಣುತ್ತದೆ. ನಾನು ಗಿಟಾರು ಎಂದಾಗ ಬಹಳ ಹೊತ್ತು ನನ್ನ ಮುಖ ನೋಡಿದರು.

"ಅದಕ್ಕ ಎಷ್ಟ ತಂತೀರಿ?"

"ಆರು."

"ಆರ್ಯಾಕ್ರಿ ಸರ? ನಮ್ಮ ಭಜನಿಯೊಳಗ ಏಕತಾರಿಗೆ ಒಂದ ತಂತಿ. ಒಂದರಾಗ ದೇವರ ಬರ್ತಾನ. ನಿಮ್ಮದರಾಗ ಯಾರ ಬರವ್ರದಾರ?"

ಅವರಿಗೆ ಹೆಸರು ಹೇಳಲು ನನಗೆ ಸಂಕೋಚವಾಯಿತು.

ಗಿಟಾರು ಮಾಡುವ ವಿಧಾನವನ್ನು ನಾನು ಕಲಿತದ್ದು ಗೆಳೆಯನೊಬ್ಬ ಬೆಳಗಾವಿಯಿಂದ ಕಳಿಸಿದ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಪ್ರತಿಯಿಂದ. ಅದನ್ನು ಬರೆದ ಪುಣ್ಯಾತ್ಮ ಯಾವುದೋ ತಣ್ಣಗಿನ ದೇಶದವನು. ಅವನ ಪ್ರಕಾರ ಗಿಟಾರಿನ ಮುಖದ ಹಲಗೆಯನ್ನು ಹೆರೆಯುತ್ತ ಹೆರೆಯುತ್ತ ಆಗಾಗ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಬೇಕು. ಹಲಗೆ ದಪ್ಪವಿರುವ ತನಕ ಮೂಗನಂತಿರುತ್ತದೆ, ಒಂದು ಹದಕ್ಕೆ ಬಂದಾಗ ಗಂಟೆಯಂತೆ ಮಾತಾಡುತ್ತದೆ, ಆಗ ನಿಲ್ಲಿಸಬೇಕು. ಕೆಲಸವನ್ನು ನಿಶ್ಶಬ್ದವಾದ ಕೋಣೆಯಲ್ಲಿ ಮಾಡಿ ಎಂದು ಕೆಳಗೊಂದು ಸೂಚನೆ. ನಾನು ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದೆ. ಖಟಕ್ ಪಟಕ್ ಎಂದಿತು. ಇನ್ನಷ್ಟು ಹೆರೆದು ತಟ್ಟಿದೆ. ಖಟಕ್ ಪಟಕ್. ಹೀಗೇ ಹೆರೆಯುತ್ತ ಹೋದರೆ ಕೊನೆಗೆ ಕೈಯಲ್ಲಿ ಹಲಗೆ ಉಳಿಯುವುದಿಲ್ಲ, ಬರೀ ಮಗ್ಗ ಉಳಿಯುತ್ತದೆ ಅನ್ನಿಸಿತು.

ಆಗ ಹೊಳೆದ ಉಪಾಯದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಕಿವಿಗೆ ಕೇಳಿಸದಿದ್ದರೆ ಎಲುಬಿಗೆ ಕೇಳಿಸಬೇಕಲ್ಲ. ಹಲಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಟ್ಟಿದೆ. ತಲೆಬುರುಡೆಯೊಳಗೆ 'ಡುಂ' ಎಂದು ಸ್ಪಷ್ಟವಾಗಿ ಕೇಳಿಸಿತು. ಅಂದಿನಿಂದ ಕಾಲೇಜು ಮುಗಿಸಿ ಬಂದವನೇ ಮಾಳಿಗೆಯಲ್ಲಿ ಕೂತು ಹೆರೆಯುವುದು, ಕಚ್ಚುವುದು, ತಟ್ಟುವುದು, ಮತ್ತೆ ಹೆರೆಯುವುದು. ಒಂದು ಸಂಜೆ ಗಂಗವ್ವ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದವರು ಬಾಗಿಲಲ್ಲೇ ನಿಂತರು. ನಾನು ಬಾಯಿ ತುಂಬ ಹಲಗೆಯಿಟ್ಟುಕೊಂಡು ಅವರಿಗೆ ನಮಸ್ಕಾರ ಮಾಡಿದೆ. ಅವರು ಕೆಳಗಿಳಿದು ಗಂಡನಿಗೆ ಹೇಳಿದ್ದು ನಮ್ಮ ಓಣಿಯ ರೂಢಿಯಂತೆ ದೊಡ್ಡ ದನಿಯಲ್ಲೇ ಇತ್ತು, ಕಟಿಗೆ ಬಾಯಲ್ಲಿದ್ದದ್ದರಿಂದಲೋ ಏನೋ ನನಗೂ ಕೇಳಿಸಿತು: "ಸರ ಕಟಿಗಿ ತಿನ್ನಾಕತ್ತಾರ. ಪಾಪ, ಮನ್ಯಾಗ ಹೆಣ್ತಿ ಇಲ್ಲ." ಅಂದಿನಿಂದ ದಿನಾ ಸಂಜೆ ಎರಡು ಬಿಸಿ ರೊಟ್ಟಿ, ಪುಂಡಿ ಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಮೇಲೆ ಬರತೊಡಗಿತು. ವಿವರಿಸಿ ಹೇಳಬಹುದಿತ್ತು. ಆದರೆ ರೊಟ್ಟಿ ಚೆನ್ನಾಗಿತ್ತು. ತಟ್ಟೆ ಇಟ್ಟು ಹೋಗುವ ಮುಂಚೆ ಗಂಗವ್ವ, "ತಣ್ಣಗಾಗತೈತಿ, ಮೊದಲ ಇದನ್ನ ತಿನ್ರಿ" ಎನ್ನುತ್ತಿದ್ದರು. ಇದನ್ನ ಎಂಬ ಮಾತಿಗೆ ಸ್ವಲ್ಪ ಒತ್ತು ಇರುತ್ತಿತ್ತು. ಇಡೀ ದಿನದಲ್ಲಿ ಪಾಠ ಬಿಟ್ಟರೆ ನನ್ನೊಡನೆ ಆಡಿದ ಮಾತು ಅದೊಂದೇ ಆಗಿರುತ್ತಿದ್ದ ದಿನಗಳು ಕಡಿಮೆಯಲ್ಲ.

ಪಕ್ಕದ ಪಟ್ಟಿಗಳನ್ನು ಬಿಸಿ ಕೊಳವೆಗೆ ಒತ್ತಿ ಬಗ್ಗಿಸಬೇಕು. ನಾನು ಬಗ್ಗಿಸಿದೆ ಎನ್ನುವುದಕ್ಕಿಂತ ಸುಟ್ಟೆ ಎನ್ನುವುದು ಸರಿ. ಮಗ್ಗದ ಹಗ್ಗದಿಂದಲೇ ಬಿಗಿದು ಅಂಟು ಹಾಕಿದೆ. ತಂತಿಗಳನ್ನು ಮಿರಜದ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಂಡೆ. ಅಂಗಡಿಯವರು ಸಿತಾರಿಗೋ ತಂಬೂರಿಗೋ ಎಂದು ಕೇಳಿದ್ದಕ್ಕೆ ನಾನು ಏನೋ ತೊದಲಿದೆ. ಪೂರ್ತಿಯಾದ ಗಿಟಾರು ನೋಡಲು ಗಿಟಾರಿನಂತೆಯೇ ಇತ್ತು. ದೂರದಿಂದ ನೋಡಿದರೆ ಇನ್ನೂ ಹೆಚ್ಚು. ಶ್ರುತಿಗೆ ಮೋಟರುಗಳ ಗುಂಯ್ ಎಂಬ ಎಳೆಯನ್ನೇ ಷಡ್ಜವಾಗಿ ಹಿಡಿದೆ. ಎದೆಗೆ ಅವಚಿಕೊಂಡು ಮೀಟಿದರೆ ಪಕ್ಕೆಲುಬಿಗೆ ಸುಖವಾದ ಒಂದು ನಡುಕ ತಗಲುತ್ತಿತ್ತು. ಮಗ್ಗಗಳ ಲಯ, ಮೋಟರಿನ ಶ್ರುತಿ, ನನ್ನ ಎದೆಯ ನಡುಕ, ಎಲ್ಲ ಸೇರಿ ಅದ್ಭುತ ಸಂಗೀತವೆಂದೇ ತೋರುತ್ತಿತ್ತು. ಅದರಲ್ಲಿ ಗಿಟಾರಿನ ಪಾಲು ಎಷ್ಟು ಎಂಬ ಪ್ರಶ್ನೆ, ತರ್ಕಶಾಸ್ತ್ರದ ಮೇಷ್ಟರಾದ ನನಗೆ, ಒಮ್ಮೆಯೂ ಹೊಳೆಯಲಿಲ್ಲ.

ಒಂದೇ ಒಂದು ತಕರಾರಿತ್ತು. ಶ್ರುತಿ ನಿಲ್ಲುತ್ತಿರಲಿಲ್ಲ. ಸಂಜೆ ಮಾಡಿಟ್ಟ ಶ್ರುತಿ ಮರುದಿನ ಕಾಲೇಜಿನಿಂದ ಬರುವಷ್ಟರಲ್ಲಿ ಕೆಟ್ಟಿರುತ್ತಿತ್ತು. ಸೆಕೆಗೆ ಕಟಿಗೆ ಹಿಗ್ಗಿತೋ, ಮಿರಜದ ತಂತಿ ಜಗ್ಗಿತೋ ಎಂದು ನಾನು ಬಗೆಬಗೆಯ ಊಹೆ ಕಟ್ಟಿದೆ. ಒಂದು ದಿನ ಬೇಗ ಬಂದಾಗ ನೋಡಿದರೆ ಮಲ್ಲಪ್ಪ ಗಿಟಾರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಹೆಬ್ಬೆರಳಿನಿಂದ ಒಂದೊಂದೇ ತಂತಿಯನ್ನು ಒತ್ತಿ ನೋಡುತ್ತಾರೆ, ತಲೆಯಾಡಿಸುತ್ತಾರೆ, ಬಿರಡೆಯನ್ನು ಕೂದಲೆಳೆಯಷ್ಟು ತಿರುವುತ್ತಾರೆ, ಮತ್ತೆ ಒತ್ತುತ್ತಾರೆ.

"ಬರ್ರಿ ಸರ" ಎಂದರು. "ನಿಮ್ಮ ಹಾಸಿನಾಗ ದಿನಾ ಎರಡ ಮೂರ ಎಳಿ ಸಡ್ಲ ಆಗಿರ್ತಾವ್ರಿ. ನಾನ ಬಿಗಿ ಮಾಡಿ ಇಡ್ತೇನಿ. ನಿಮಗ ಹೇಳಿದ್ದಿಲ್ಲ, ಅದೇನ ದೊಡ್ಡ ಕೆಲಸ ಅಂತ."

ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲಿಗೆ ಹಾಸು ಎನ್ನುತ್ತಾರೆ. ಸಾವಿರಾರು ಎಳೆಗಳೂ ಒಂದೇ ಬಿಗಿಯಲ್ಲಿರಬೇಕು. ಒಂದು ಸಡಿಲಾದರೆ ಬಟ್ಟೆ ಕೆಡುತ್ತದೆ. ಮಲ್ಲಪ್ಪನವರ ಹೆಬ್ಬೆರಳಿಗೆ ಬೇರೆ ನ್ಯಾಯ ಗೊತ್ತಿರಲಿಲ್ಲ. ಅವರು ದಿನಾ ಬಂದು ಆರೂ ತಂತಿಗಳನ್ನು ಒಂದೇ ಬಿಗಿಗೆ ತರುತ್ತಿದ್ದರು, ನಾನು ಸಂಜೆ ಕೂತು ಅವನ್ನು ಬೇರೆ ಬೇರೆ ಬಿಗಿಗೆ ತರುತ್ತಿದ್ದೆ.

"ಇವು ಒಂದೇ ಬಿಗಿ ಇರಬಾರದ್ರಿ ಮಲ್ಲಪ್ಪ. ಒಂದೊಂದರ ದನಿ ಒಂದೊಂದ ಥರ ಬರಬೇಕು."

"ಒಂದ ಮನ್ಯಾಗ ಇದ್ದ ಮ್ಯಾಲೆ ಒಂದ ಬಿಗಿ ಇರಬೇಕಲ್ರಿ" ಎಂದರು ಅವರು. ಎದ್ದು ಹೋಗುವಾಗ ಮತ್ತೊಮ್ಮೆ ಒತ್ತಿ ನೋಡಿಯೇ ಹೋದರು. ನಾನು ಮುಂದೆ ವಾದಿಸಲಿಲ್ಲ. ನಿಜ ಹೇಳಬೇಕೆಂದರೆ ನಾನಿಲ್ಲದ ಹೊತ್ತಿನಲ್ಲಿ ಆ ಖಾಲಿ ಮಾಳಿಗೆಗೆ ಒಬ್ಬರು ಬಂದುಹೋಗುತ್ತಾರೆ ಎಂಬುದು ನನಗೆ ಹಿತವಾಗಿತ್ತು.

ಆ ಬೇಸಿಗೆ ವರ್ಗಾವಣೆಯ ಕಾಲ ಬಂತು. ನಾನು ಒಂದು ಯೋಜನೆ ಹಾಕಿದೆ. ಗಿಟಾರನ್ನು ಅವಳ ಊರಿಗೆ ಒಯ್ಯುವುದು, ಅವಳ ಮುಂದೆ ನುಡಿಸುವುದು, ಅವಳ ಮನಸ್ಸು ಮೆತ್ತಗಾದ ಆ ಗಳಿಗೆಯಲ್ಲಿ ಗಂಟಲಿನ ಮಾತನ್ನು ಹೊರಗೆ ಬಿಡುವುದು. ಗಂಗವ್ವ ಗಿಟಾರಿಗೆ ಸುತ್ತಲು ಒಂದು ಹಳೆಯ ಇಲಕಲ್ ಸೀರೆ ಕೊಟ್ಟರು. ಸೀರೆಯುಟ್ಟ, ಸೊಂಟ ಸಣ್ಣಗಿದ್ದ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಬಸ್ಸಿನಲ್ಲಿ ಹೋದೆ. ಜಮಖಂಡಿಯಲ್ಲಿ ಹತ್ತಿದ ಮುದುಕಿಯೊಬ್ಬಳು ನನ್ನನ್ನೂ ಅದನ್ನೂ ನೋಡಿ ಬೇರೆ ಸೀಟಿಗೆ ಹೋಗಿ ಕೂತಳು. ಅಥವಾ ಅವಳಿಗೆ ಕಿಟಕಿ ಬೇಕಿತ್ತೇನೋ. ನಾನು ಅವಮಾನಗಳನ್ನು ನೆನಪಿನಲ್ಲಿ ಸ್ವಲ್ಪ ದೊಡ್ಡದು ಮಾಡಿಕೊಳ್ಳುತ್ತೇನೆ ಎಂದು ಸುಮಂಗಲಾ ಹೇಳುತ್ತಾಳೆ.

ಅವಳ ಊರನ್ನು ನೋಡಿದವರಿಗೆ ಗೊತ್ತು. ಅಗಲವಾದ ನೆಟ್ಟಗಿನ ರಸ್ತೆಗಳು, ಅಲ್ಲೊಂದು ಇಲ್ಲೊಂದು ಮನೆ, ನಡುವೆ ಜಾಲಿ ಬೆಳೆದ ಖಾಲಿ ನಿವೇಶನಗಳು. ಒಂದು ಮನೆಯವರು ಕೆಮ್ಮಿದರೆ ಪಕ್ಕದ ಮನೆಗೆ ಮುಟ್ಟುವಷ್ಟರಲ್ಲಿ ಕೆಮ್ಮು ವಾಸಿಯಾಗಿರುತ್ತದೆ. ಹಳೇ ಊರಿನಲ್ಲಿ ಗೋಡೆಗೆ ಗೋಡೆ ಹತ್ತಿಸಿಕೊಂಡಿದ್ದ ಜನ ಇಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆಯುವುದನ್ನೂ ಬಿಟ್ಟಿದ್ದರು. ಬಸ್ಸು ಇಳಿದು ಅದು ಹೊರಟುಹೋದ ಮೇಲೆ ನನ್ನ ಕಿವಿಯೊಳಗೆ ಏನೋ ಕಳಚಿ ಬಿದ್ದಂತಾಯಿತು. ಸದ್ದೇ ಇಲ್ಲ. ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಸುಮಂಗಲಾ ಚಹಾ ಕೊಟ್ಟು ಎದುರಿಗೆ ಕೂತಳು. ನಾನು ಸೀರೆ ಬಿಚ್ಚಿ ಗಿಟಾರನ್ನು ಎತ್ತಿಕೊಂಡೆ. ಶ್ರುತಿ ಮಾಡೋಣವೆಂದರೆ ಹಿಡಿಯಲು ಮೋಟರಿನ ಗುಂಯ್ ಇಲ್ಲ. ಹೊರಡುವ ಮುಂಚೆ ಮಲ್ಲಪ್ಪ ಪ್ರೀತಿಯಿಂದ ಆರೂ ತಂತಿಗಳನ್ನು ಒಂದೇ ಬಿಗಿಗೆ ತಂದಿಟ್ಟಿದ್ದಾರೆ. ಆದದ್ದಾಗಲಿ ಎಂದು ಮೀಟಿದೆ. ಮಗ್ಗದ ಸದ್ದಿಲ್ಲದ ಜಾಗದಲ್ಲಿ ನನ್ನ ಗಿಟಾರನ್ನು ನಾನು ಕೇಳಿದ್ದು ಅದೇ ಮೊದಲು. ಝರ್ರ್ ಎಂದಿತು. ದೊಡ್ಡ ತಂತಿ ಎಲ್ಲೋ ಕಟಿಗೆಗೆ ತಾಕಿ ದುಂಬಿಯಂತೆ ಗುಂಯ್‌ಗುಟ್ಟಿತು. ಸಣ್ಣದು ಬಾಗಿಲ ಕೀಲಿನಂತೆ ಕಿರುಗುಟ್ಟಿತು. ಒಳಗೆ ಯಾವುದೋ ಪಟ್ಟಿ ಅಂಟು ಬಿಟ್ಟು ತನ್ನಷ್ಟಕ್ಕೆ ಚಪ್ಪಾಳೆ ತಟ್ಟಿತು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮಾತಾಡಬೇಕಾಗುತ್ತದಲ್ಲ. ಆಗ ಹೊರಗೆ ಕುರಿ ಹೊಡೆದುಕೊಂಡು ಹೊರಟಿದ್ದ ಸಿದ್ದಪ್ಪ ಎಂಬ ಹಿರಿಯರು ಬಾಗಿಲಿಗೆ ಬಂದು ಇಣುಕಿದರು.

"ಅಕ್ಕೋರ, ಏನ ಕೆಟ್ಟತ್ರಿ? ನೀರೆತ್ತೂ ಮೋಟರೇನು?"

"ಇಲ್ಲೋ ಯಪ್ಪಾ. ನಮ್ಮ ಮನಿಯವ್ರು ಬಂದಾರ."

ಸಿದ್ದಪ್ಪ ನನ್ನನ್ನು, ಗಿಟಾರನ್ನು, ಮತ್ತೆ ನನ್ನನ್ನು ನೋಡಿದರು. "ಹಂಗಾರ ತಾನ ಸರಿಹೋಗತೈತಿ ಬಿಡ್ರಿ" ಎಂದು ಕುರಿಗಳ ಹಿಂದೆ ಹೋದರು.

ಸುಮಂಗಲಾ ನಗತೊಡಗಿದಳು. ಸೆರಗು ಬಾಯಿಗಿಟ್ಟುಕೊಂಡು, ಆಮೇಲೆ ಸೆರಗು ತೆಗೆದು, ಆಮೇಲೆ ಗೋಡೆಗೆ ಒರಗಿ ನಕ್ಕಳು. ನಾನೂ ನಕ್ಕೆನೆಂದು ಅವಳು ಹೇಳುತ್ತಾಳೆ. ನನ್ನ ನೆನಪಿನಲ್ಲಿ ನಾನು ನಕ್ಕಿಲ್ಲ. ಚಹಾದ ಲೋಟದ ಮೇಲೆ ಕೂತ ನೊಣವನ್ನು ನೋಡುತ್ತಿದ್ದೆ. ಇಬ್ಬರಲ್ಲಿ ಒಬ್ಬರದು ಸುಳ್ಳು, ಅದು ಯಾರದೆಂದು ತೀರ್ಮಾನಿಸಲು ಸಿದ್ದಪ್ಪನವರೂ ಆಗ ಅಲ್ಲಿರಲಿಲ್ಲ. ಅಷ್ಟು ನಕ್ಕ ಮೇಲೆ ವರ್ಗಾವಣೆಯ ಮಾತು ಎತ್ತುವುದು ಹೇಗೆ? ಝರ್ರ್ ಎನ್ನುವ ವಾದ್ಯವನ್ನು ಮುಂದಿಟ್ಟುಕೊಂಡು, ಆ ಗದ್ದಲದ ಊರಿಗೆ ಬಂದು ನನ್ನೊಡನೆ ಇರು ಎಂದರೆ ಯಾವ ಸ್ವತಂತ್ರ ವ್ಯಕ್ತಿ ಒಪ್ಪೀತು? ಸಂಜೆಯ ಬಸ್ಸಿಗೆ ಹೊರಟೆ. ಗಿಟಾರನ್ನು ಮತ್ತೆ ಸೀರೆಯಲ್ಲಿ ಸುತ್ತಲು ಹೋದಾಗ ಅವಳು, "ಅದು ಇಲ್ಲೇ ಇರಲಿ ಬಿಡ್ರಿ" ಎಂದಳು. ನಾನು ಅದನ್ನು ಕರುಣೆ ಎಂದು ತಿಳಿದೆ. ಬಸ್ಸಿನಲ್ಲಿ ತೊಡೆ ಖಾಲಿಯಾಗಿತ್ತು, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಬನಹಟ್ಟಿಯಲ್ಲಿ ಮಲ್ಲಪ್ಪ ಬಂದು ಖಾಲಿ ಮೂಲೆಯನ್ನು ನೋಡಿದರು. "ಅಕ್ಕೋರು ಇಟಗೊಂಡ್ರೇನ್ರಿ?" ಎಂದು ಕೇಳಿದರು. ಹೌದು ಎಂದೆ. "ಛಲೋ ಆತು" ಎಂದರು, ಆದರೆ ಅವರ ಹೆಬ್ಬೆರಳು ತನ್ನಷ್ಟಕ್ಕೆ ಆಡುತ್ತಿತ್ತು. ಅವರ ಸಲುವಾಗಿಯೇ ನಾನು ಎರಡನೆಯ ಗಿಟಾರಿಗೆ ಕೈಹಾಕಿದೆ ಎಂದರೆ ಅದು ಪೂರ್ತಿ ಸುಳ್ಳಲ್ಲ.

ಬೇಸಿಗೆ ಕಳೆಯಿತು. ವರ್ಗಾವಣೆಯ ಸುದ್ದಿಯನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಷಾಢದಲ್ಲಿ ಒಂದು ಮುಂಜಾನೆ ಫೋನು ಬಂತು. ಮೋಟರು ಮಗ್ಗಗಳ ನಡುವೆ ಅವಳ ಮಾತು ಅರ್ಧವೇ ಕೇಳಿಸಿತು, ಹಿತ್ತಲಿಗೆ ಓಡಿಹೋಗಿ ಮತ್ತೆ ಹೇಳಿಸಿದೆ.

"ನಿಮ್ಮ ಗಿಟಾರು ತಾನ ನುಡಿತೈತ್ರಿ."

"ತಾನ ಅಂದ್ರ?"

"ಯಾರೂ ಮುಟ್ಟಲಾರದ. ಗ್ವಾಡಿಗೆ ಮೊಳಿ ಹೋಗಲಿಲ್ಲ, ಅದಕ್ಕ ಕಿಟಕಿ ಸರಳಿಗೆ ಕಟ್ಟೇನಿ. ಗಾಳಿ ಬಿಟ್ಟಾಗ ಒಂದ ಥರ ದನಿ ಬರತೈತಿ. ಮನ್ಯಾಗ ಯಾರೋ ಅದಾರ ಅನಿಸತೈತ್ರಿ. ನಿದ್ದಿ ಛಲೋ ಬರಾಕತ್ತೈತಿ."

ನಾನು ನಂಬಲಿಲ್ಲ. ಒಂಟಿಯಾಗಿದ್ದವರಿಗೆ ಕಿವಿ ಮೋಸ ಮಾಡುತ್ತದೆ, ಇದಕ್ಕೆ ಬನಹಟ್ಟಿಯಲ್ಲಿ ಒಬ್ಬ ಸಾಕ್ಷಿ ಇದ್ದಾನೆ. ಖುದ್ದು ನೋಡುತ್ತೇನೆ ಎಂದು ಆ ರವಿವಾರ ಹೋದೆ. ಗಾಳಿಗೆ ಹೆದರಿ ಜಾಲಿಗಳು ನೆಲಕ್ಕೆ ಬಾಗಿದ್ದವು. ಅವಳು ಬಾಗಿಲು ತೆರೆದಳು. ಬಸ್ಸಿನುದ್ದಕ್ಕೂ ನಾನು ಅಭ್ಯಾಸ ಮಾಡಿಕೊಂಡು ಬಂದದ್ದು ಗಾಳಿ ಮತ್ತು ಕಂಪನದ ಬಗ್ಗೆ ಒಂದು ಸಣ್ಣ ಉಪನ್ಯಾಸ. ಹೊಸ್ತಿಲಲ್ಲಿ ಬಾಯಿಂದ ಬಂದದ್ದು, "ನೀ ಬನಹಟ್ಟಿಗೆ ಬಂದ್ಬಿಡ" ಎಂಬ ಮಾತು. ಹೀಗೇ ಬಂತು, ಚಪ್ಪಲಿ ಬಿಡುವ ಮೊದಲೇ.

"ಕೇಳ್ತೀರೇನು ಅಂತ ನೋಡಾಕತ್ತಿದ್ದೆ" ಎಂದಳು. ಆಮೇಲೆ ನನ್ನ ಕೈಯ ಚೀಲ ಇಸಿದುಕೊಂಡಳು. "ಈ ವರ್ಷ ಆಗಂಗಿಲ್ರಿ. ಇಲ್ಲಿಗೆ ಬಂದ ಮಾಸ್ತರು ಎಲ್ಲಾರೂ ಬಂದ ದಿನಾನ ಹೋಗೂ ವಿಚಾರ ಮಾಡ್ತಾರ. ಹುಡುಗೂರು ಕೇಳ್ತಾವು, ಅಕ್ಕೋರ ನೀವೂ ಹೊಕ್ಕೀರೇನು ಅಂತ. ನಿಮ್ಮ ನಾಲ್ಕನೇ ಕ್ಲಾಸ ಮುಗಿಯೂತನಕ ಹೋಗಂಗಿಲ್ಲ ಅಂದೇನಿ."

"ಆಮೇಲೆ?"

"ಆಮೇಲೆ ಮತ್ತ ಕೇಳ್ರಿ. ಒಮ್ಮಿ ಕೇಳಿ ರೂಢಿ ಆತಲ್ಲ."

ಅವಳು ಚಹಾ ಮಾಡಲು ಒಳಗೆ ಹೋದಳು. ನಾನು ಕಿಟಕಿಯ ಕೋಣೆಯಲ್ಲಿ ಒಬ್ಬನೇ ಕೂತೆ. ಕೇಳಿದ್ದಕ್ಕೆ ಸಂತೋಷಪಡಬೇಕೋ, ಸಿಕ್ಕ ಉತ್ತರಕ್ಕೆ ದುಃಖಪಡಬೇಕೋ ತಿಳಿಯದೆ, ತಿಳಿಯದಾಗ ಮಾಡುವಂತೆ ಪ್ರಯೋಗಕ್ಕೆ ತೊಡಗಿದೆ. ಕಿಟಕಿಯ ಬಾಗಿಲು ಮುಚ್ಚಿದೆ; ಮೌನ. ತೆರೆದೆ, ಒಳಗೆ ಬಂದ ಗಾಳಿಗೆ ತಂತಿಗಳು ಮೆಲ್ಲಗೆ, ಯಾರೋ ಬಾಯಿ ಮುಚ್ಚಿಕೊಂಡು ಹಾಡುವಂತೆ, ಹೂಂ ಎಂದವು. ಮುಚ್ಚಿದೆ, ತೆರೆದೆ. ಕೈಗಳನ್ನು ಹಿಂದೆ ಕಟ್ಟಿಕೊಂಡು, ನನ್ನ ಉಸಿರೂ ತಾಕದಷ್ಟು ದೂರ ನಿಂತು ಕೇಳಿದೆ. ಸುಮಂಗಲಾ ಹೇಳಿದ್ದು ನಿಜ. ಗಾಳಿಯಿದ್ದರೆ ಅದು ನುಡಿಯುತ್ತದೆ, ಝರ್ರ್ ಎನ್ನುವುದಿಲ್ಲ, ನಾನು ನುಡಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ, ಅದು ನುಡಿಯಲು ನಾನು ಆ ಮನೆಯಲ್ಲಿ ಇರಬೇಕಾಗಿಲ್ಲ.